ರಾಣಿ ಕ್ಷೇಮ

ಏಪ್ರಿಲ್ ಹದಿನೇಳರ ಬೆಳಿಗ್ಗೆ, ಸ್ಲೊವೇನಿಯಾದ ರಾಡೋವ್ಲಿಟ್ಸಾ ಠಾಣೆಗೆ ಬಂದ ಪೊಲೋನಾ, ತನ್ನ ನಾಲ್ಕು ಜೇನುಪೆಟ್ಟಿಗೆಗಳು ಕಳುವಾಗಿವೆಯೆಂದು ದೂರು ಕೊಟ್ಟಳು. ಎಫ್‌ಐಆರ್ ದಾಖಲಾಯಿತು. ಅವಳ ಅಳು ಮಾತ್ರ ನಿಲ್ಲಲಿಲ್ಲ.

"ಮೂರನೇ ಪೆಟ್ಟಿಗೆ ರಾಣಿಜೇನಿಗೆ ಹುಷಾರಿಲ್ಲ ಸಾರ್. ಸಕ್ಕರೆಪಾಕ ಕೊಡದಿದ್ರೆ ಇಡೀ ಸಂಸಾರ ಸತ್ತೋಗುತ್ತೆ. ಅಮ್ಮ ಸಾಕಿದ್ದ ಹುಳ ಅವು. ಅಮ್ಮಂದು ಅಂತ ಇನ್ನೇನೂ ಉಳ್ದಿಲ್ಲ ನಂಗೆ."

ಇನ್‌ಸ್ಪೆಕ್ಟರ್ ಪೆಟರ್ನೆಲ್ ಪಂಚನಾಮೆ ಮಾಡಿದರು. ಟೈರಿನ ಗುರುತು ಬಿಟ್ಟರೆ ಏನೂ ಸಿಗಲಿಲ್ಲ. ಅಷ್ಟರಲ್ಲಿ ಪೊಲೋನಾ ಜೇನು ಸಾಕುವವರ ಆನ್‌ಲೈನ್ ಹರಟೆಕಟ್ಟೆಯಲ್ಲಿ ತನ್ನ ಗೋಳು ಬರೆದಿದ್ದಳು. ಪಕ್ಕದ ಮನೆಯ ಲೋಯ್ಜೆಯೇ ಕಳ್ಳನೆಂದು ಅಲ್ಲಿ ಯಾರೋ ತೀರ್ಪು ಕೊಟ್ಟರು. ಸಂಜೆಗೆ ಆ ಪಾಪದವನ ಗೇಟಿಗೆ ಕೆಸರು ಬಿತ್ತು.

"ನೋಡಿದ್ಯಾ ನೇಝಾ? ಕೆಲ್ಸ ಇಲ್ಲದವರ ಕಟ್ಟೆ ಅದು," ಎಂದು ಪೆಟರ್ನೆಲ್ ಸಿಡುಕಿದರು.

"ಸ್ವಲ್ಪ ತಾಳಿ ಸಾರ್," ಎಂದಳು ಕಾನ್‌ಸ್ಟೇಬಲ್ ನೇಝಾ. ಅವಳ ಮನೆಯಲ್ಲೂ ಜೇನಿತ್ತು; ಆ ಕಟ್ಟೆಗೆ ಅವಳೂ ಸದಸ್ಯೆ.

ಮೂರನೆಯ ದಿನ ಕಟ್ಟೆಯಲ್ಲಿ ಹೊಸ ಹೆಸರಿನವನೊಬ್ಬ ಬರೆದ: "ಅಳ್ಬೇಡ ಮಗಳೇ. ರಾಣಿ ಚೇತರಿಸ್ಕೊಂಡಿದ್ದಾಳೆ." ಜೊತೆಗೆ ಬೆನ್ನಿಗೆ ನೀಲಿ ಚುಕ್ಕೆಯಿಟ್ಟ ರಾಣಿಯ ಫೋಟೊ. ಅದು ಗುರುತಿಗೆಂದು ಪೊಲೋನಾ ಇಟ್ಟ ಚುಕ್ಕೆಯೇ.

"ಕಳ್ಳ ತಾನಾಗೇ ಬಂದು ಕ್ಷೇಮಸಮಾಚಾರ ಹೇಳ್ತಾನಾ?"

"ಜೇನು ಸಾಕೋರು ಹಾಗೇ ಸಾರ್. ರಾಣಿ ವಿಷ್ಯ ಅಂದ್ರೆ ಬಾಯಿ ಸುಮ್ನಿರಲ್ಲ."

ಫೋಟೊದ ಅಂಚಿನಲ್ಲಿ ಹಳೆಯ ಪೆಟ್ಟಿಗೆಯೊಂದರ ಬಣ್ಣದ ಹಲಗೆ ಕಾಣುತ್ತಿತ್ತು. ಅದರ ಮೇಲೆ ಒಂದೇ ಕಿವಿಯ ಕರಡಿಯ ಚಿತ್ರ. ಇಲ್ಲಿ ಜೇನು ಸಾಕುವವರು ಪೆಟ್ಟಿಗೆಯ ಮುಂದಿನ ಹಲಗೆಗೆ ಚಿತ್ರ ಬರೆಯುತ್ತಾರೆ; ಯಾರ ಹಲಗೆಯೂ ಇನ್ನೊಬ್ಬರ ಹಲಗೆಯಂತಿರುವುದಿಲ್ಲ. ಅದು ಯಾರದೆಂದು ಕಟ್ಟೆಯವರಿಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೆ ಲೋಯ್ಜೆಯ ವಿಷಯದಲ್ಲಿ ಕೈ ಸುಟ್ಟುಕೊಂಡಿದ್ದವರು ಈ ಸಲ ಬಹಿರಂಗವಾಗಿ ಹೆಸರೆತ್ತಲಿಲ್ಲ. ದೂರದೂರದ ಊರುಗಳಿಂದ ನೇಝಾಗೆ ಗುಟ್ಟಾಗಿ ಬರೆದರು: "ನಮ್ಮ ಸಿರಿಲಜ್ಜನದು. ದಯವಿಟ್ಟು ಗದರಬೇಡಿ." ಅವರಲ್ಲಿಬ್ಬರು ಬಂದು ಲೋಯ್ಜೆಯ ಗೇಟು ತೊಳೆದು ಕ್ಷಮೆ ಕೇಳಿ ಹೋದರು. ಕಟ್ಟೆಯವರ ಮೇಲೆ ಪೆಟರ್ನೆಲ್‌ಗಿದ್ದ ಸಿಟ್ಟು ಅಲ್ಲೇ ಕರಗಿತು.

ಪೊಲೀಸರು ಹೋದಾಗ ಸಿರಿಲಜ್ಜ, ಅಂದರೆ ಸಿರಿಲ್ ರೈಟ್ಸ್, ಓಡಲಿಲ್ಲ. ನಾಲ್ಕೂ ಪೆಟ್ಟಿಗೆಗಳು ಅವನ ಹಿತ್ತಲಲ್ಲೇ ಇದ್ದವು.

"ಯಾಕ್ ಕದ್ರಿ?" ಎಂದರು ಪೆಟರ್ನೆಲ್.

"ಚಳಿಗಾಲ್ದಲ್ಲಿ ನನ್ನವೆಲ್ಲ ಸತ್ತೋದ್ವು."

"ಕಟ್ಟೇಲಿ ಹೇಳ್ಬಹುದಿತ್ತಲ್ಲ ಅಜ್ಜ?" ಎಂದಳು ನೇಝಾ.

"ಹನ್ನೆರಡು ವರ್ಷ ಎಲ್ರಿಗೂ ಬುದ್ಧಿ ಹೇಳ್ದೋನು ನಾನು. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಅವನನ್ನು ಬಂಧಿಸಲಾಯಿತು. ಪೆಟ್ಟಿಗೆಗಳು ಪೊಲೋನಾಳ ಕೈಸೇರಿದವು.

ವರದಿ ಬರೆಯುವಾಗ ನೇಝಾಗೆ ಕಟ್ಟೆಯಲ್ಲಿ ಮಾರ್ಚ್ ತಿಂಗಳ ಉತ್ತರವೊಂದು ಸಿಕ್ಕಿತು. ಜೇನು ಸತ್ತು ಕಂಗಾಲಾಗಿದ್ದ ಹೊಸಬನೊಬ್ಬನಿಗೆ ಸಿರಿಲಜ್ಜ ಬರೆದದ್ದು: "ನಾಚ್ಕೋಬೇಡ ಮಗಾ, ಇಲ್ಲಿ ಬಾಯಿಬಿಟ್ಟು ಕೇಳು. ಕೊಡೋರಿದ್ದಾರೆ." ಆ ಹೊಸಬನಿಗೆ ಒಂದೇ ವಾರದಲ್ಲಿ ಐದು ಪೆಟ್ಟಿಗೆ ಬಂದಿದ್ದವು.

ಅದರ ಕೆಳಗೆ ಪೊಲೋನಾ ಅಂದು ಬೆಳಿಗ್ಗೆ ಬರೆದಿದ್ದಳು: "ಅಜ್ಜ, ರಾಣಿ ಕ್ಷೇಮ. ಬಿಡುಗಡೆ ಆದ್ಮೇಲೆ ಬಾ, ಒಂದು ಪೆಟ್ಟಿಗೆ ನಿಂಗೇ ಅಂತ ಇಟ್ಟಿದೀನಿ."