ಆಕ್ಷೇಪ ಹೇಳಬಾರದ ಸಭೆ

“ಆಕ್ಷೇಪ ಹೇಳುವಂತಿಲ್ಲ!”

ಧರಣೇಂದ್ರ ತನ್ನ ಮಾತನ್ನು ತುಂಡರಿಸಿದಾಗ ರಾಜಮತಿಯ ಕಿವಿ ಬಿಸಿಯಾಯಿತು. ಮದರಾಸಿನಲ್ಲಿ ಇಂಜಿನಿಯರಿಂಗ್ ಓದಿ, ವರ್ಷಗಳ ನಂತರ ಮೂಡುಬಿದಿರೆಗೆ ಬಂದ ಸೋದರತ್ತೆಯ ಮಗ. ಬರುವ ಮಾಘದಲ್ಲಿ ಅವಳ ಗಂಡನಾಗಬೇಕಾದವನು. ಅವಳ ಮುಖ ನೋಡಿ ಆಡಿದ ಮೊದಲ ಮಾತು ಇದು!

ಅವಳ ಅಪ್ಪ ನೇಮಿರಾಜರ ಕಾರ್ಖಾನೆಯಲ್ಲಿ ಮಾಡಿದ, ಅಕ್ಕಿ ಶಾವಿಗೆ ಒತ್ತುವ ಮರದ ಸೇಮಿಗೆ ಮಣೆಗಳು ಬಂಟ್ವಾಳ, ಬೆಳ್ತಂಗಡಿಯ ಅಂಗಡಿಗಳಿಗೂ ಹೋಗುತ್ತಿದ್ದವು. ಆ ಮಣೆಗೆ ಇಬ್ಬರು ಬೇಕು. ಒಬ್ಬಳು ಸನ್ನೆಕೋಲಿಗೆ ಜೋತುಬಿದ್ದು ಒತ್ತಬೇಕು, ಇನ್ನೊಬ್ಬಳು ಕೆಳಗೆ ಎಲೆ ಹಿಡಿಯಬೇಕು. ಒಬ್ಬಳೇ ಒತ್ತುವ ಮಣೆ ಮಾಡಬೇಕೆಂದು ಧರಣೇಂದ್ರ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿದ್ದ. ತೋಚಿದ್ದನ್ನು ಹೇಳುವುದು, ಯಾರೂ ತಪ್ಪು ಹುಡುಕದಿರುವುದು. ಅದು ಅವನು ಕಾಲೇಜಿನಲ್ಲಿ ಕಲಿತ ಕ್ರಮ.

ಮೊದಲು ಬಾಯಿ ತೆರೆದವರು ನೇಮಿರಾಜರು. “ಸನ್ನೆಕೋಲು ಉದ್ದ ಮಾಡುವ.”

“ಹೌದು ಧಣಿ,” ಎಂದ ಬಡಗಿ ಧರ್ಣಪ್ಪ. ಉಳಿದವರದ್ದೂ ಹೌದೇ.

“ಉದ್ದ ಮಾಡಿದರೆ ಗೋಡೆಗೆ ತಾಗ್ತದೆ, ಅಪ್ಪ...” ಎಂದಿದ್ದಳು ರಾಜಮತಿ. ಅವನು ತುಂಡರಿಸಿದ್ದು ಅದನ್ನೇ.

ಅವಳು ಎದ್ದು ಹೋದಳು. ಆ ಸಂಜೆಯೇ ಅಪ್ಪನಿಗೆ ಹೇಳಿದಳು: “ಈ ಮದುವೆ ಬೇಡ. ಬಾಯಿ ಮುಚ್ಚಿಸುವವರ ಜೊತೆ ನನ್ನಿಂದ ಬಾಳಲಿಕ್ಕಾಗುವುದಿಲ್ಲ!”

ಉದ್ದ ಕೋಲಿನ ಮಣೆ ತಯಾರಾಯಿತು. ಧರಣೇಂದ್ರ ತಾನೇ ಅದನ್ನು ಅಡಿಗೆಮನೆಗೆ ತಂದು ರಾಜಮತಿಯ ಎದುರೇ ಒತ್ತಿದ. ಕೋಲು ಗೋಡೆಗೆ ಬಡಿಯಿತು, ಮಣೆ ಮಗುಚಿತು, ಬೇಯಿಸಿದ ಹಿಟ್ಟಿನ ಉಂಡೆಗಳು ಒಲೆಯ ಬೂದಿಗೆ ಉರುಳಿದವು.

“ನಗು ಮಾರಾಯ್ತಿ,” ಎಂದ ಅವನು.

“ನಗಲಿಕ್ಕೆ ಏನುಂಟು? ಅಕ್ಕಿ ಹಾಳಾಯ್ತು. ಬಾವ, ನೀವು ನಮ್ಮನ್ನು ಕೂರಿಸಿದ್ದು ಕೇಳಲಿಕ್ಕಾ, ಸುಮ್ಮನಿರಿಸಲಿಕ್ಕಾ?”

ಅವನು ನೆಲದಲ್ಲೇ ಕುಳಿತ. “ಕಾಲೇಜಿನಲ್ಲಿ ಎಲ್ಲರೂ ಒಂದೇ ಪ್ರಾಯದವರು. ಇಲ್ಲಿ ಮಾವ ಕೆಮ್ಮಿದರೂ ಧರ್ಣಪ್ಪ ಹೌದು ಅಂತಾನೆ. ಆ ಕ್ರಮ ಇಲ್ಲಿಗಲ್ಲ. ನನಗೆ ತಿಳಿಯಲಿಲ್ಲ... ತಪ್ಪಾಯ್ತು.”

ಅಡಿಗೆಮನೆಯಲ್ಲಿ ಯಾರು ಬೇಕಾದರೂ ತಪ್ಪಾಯ್ತೆಂದು ಹೇಳಿಯಾರು, ಎಂದುಕೊಂಡಳು ರಾಜಮತಿ. ಚಾವಡಿಯಲ್ಲಿ ಹೇಳಲಿ ನೋಡುವ!

ಮರುದಿನ ಮತ್ತೆ ಸಭೆ. ನೇಮಿರಾಜರು ಗಂಟಲು ಸರಿಮಾಡಿಕೊಂಡರು. “ಹಾಗಾದರೆ ಕೋಲು ಗಿಡ್ಡ...”

“ಮಾವ, ನೀವು ಕೊನೆಗೆ ಹೇಳಿ.”

ಧರ್ಣಪ್ಪನ ಬಾಯಿಯ ವೀಳ್ಯ ಅಲ್ಲೇ ನಿಂತಿತು. ಆಸ್ತಿ ಮಾವನಿಂದ ಸೋದರಳಿಯನಿಗೆ ಹೋಗುವ ಅಳಿಯಕಟ್ಟಿನ ಜೈನ ಮನೆ ಅದು. ಯಜಮಾನ ಮಾವ ಮುನಿದರೆ ಅಳಿಯನಿಗೆ ಕಾರ್ಖಾನೆಯೂ ಇಲ್ಲ, ಹೆಣ್ಣೂ ಇಲ್ಲ. ಆದರೂ ಧರಣೇಂದ್ರ ಮುಂದುವರಿಸಿದ.

“ನಿನ್ನೆ ಕೆಟ್ಟದ್ದು ಮಣೆಯಲ್ಲ, ನನ್ನ ಕ್ರಮ. ರಾಜಮತಿ ಹೇಳಿದ್ದು ಸರಿ ಇತ್ತು. ಇವತ್ತು ಮೊದಲು ಅವಳು ಹೇಳಲಿ, ಆಮೇಲೆ ಧರ್ಣಪ್ಪ. ತಪ್ಪು ಕಂಡರೆ ಹೇಳಿ, ಹೆದರಬೇಡಿ.”

ರಾಜಮತಿ ಮುಂದೆ ಸರಿದು ಕುಳಿತಳು. “ಸನ್ನೆಕೋಲೇ ಬೇಡ. ಮೇಲಿನಿಂದ ತಿರುಪು ಹಾಕುವ.”

“ಆಗುವುದಿಲ್ಲ. ತಿರುಗಿಸಿದರೆ ಮಣೆಯೇ ತಿರುಗ್ತದೆ,” ಎಂದ ಧರಣೇಂದ್ರ.

“ಕಾಲು ಅಗಲ ಮಾಡಿದರೆ?”

“ತಿರುಗಿಸುವಷ್ಟರಲ್ಲಿ ಹಿಟ್ಟು ತಣೀತದೆ.”

“ತಿರುಪಿನ ಹಲ್ಲು ದೂರ ದೂರ ಕೊರೆದರೆ?”

“ಮರದ ಹಲ್ಲು ಮುರೀತದೆ ಅಕ್ಕ, ಕಬ್ಬಿಣವೇ ಆಗಬೇಕು,” ಎಂದುಬಿಟ್ಟ ಧರ್ಣಪ್ಪ. ಎಂದವನೇ ಹೆದರಿ ಧಣಿಯ ಮುಖ ನೋಡಿದ!

ಸಂಜೆಯಾದರೂ ಮಣೆಯ ರೂಪ ಗಟ್ಟಿಯಾಗಲಿಲ್ಲ. ನೇಮಿರಾಜರು ಬೇಸತ್ತು ಎದ್ದರು. “ಮಣೆ ಆಗ್ತದಾ ಇಲ್ವಾ, ನನಗೆ ಗೊತ್ತಿಲ್ಲ. ಇವಳ ಬಾಯಿಗೆ ಮಾತ್ರ ನೀನೇ ಸರಿ!”

ಚಾವಡಿ ಖಾಲಿಯಾಯಿತು, ಉಳಿದದ್ದು ಅವರಿಬ್ಬರೇ.

“ಇಡೀ ದಿನ ಆಗುವುದಿಲ್ಲ, ಆಗುವುದಿಲ್ಲ ಅಂದೆ. ಸಿಟ್ಟು ಬರಲಿಲ್ವಾ?” ಎಂದು ಕೇಳಿದ ಧರಣೇಂದ್ರ.

“ಬಂತು. ತುಂಬಾ ಬಂತು.”

“ಮತ್ಯಾಕೆ ಎದ್ದು ಹೋಗಲಿಲ್ಲ?”

“ಇವತ್ತು ನನ್ನ ಮಾತು ಪೂರ್ತಿ ಕೇಳಿ, ಆಮೇಲೆ ಆಗುವುದಿಲ್ಲ ಅಂದಿರಲ್ಲ...”

“ಹಾಗಾದರೆ ಮಾಘದಲ್ಲಿ...?”

“ಮಾಘದಲ್ಲೇ.” ಅವಳ ಕಣ್ಣು ತುಂಬಿತ್ತು. “ಈಗ ಊಟಕ್ಕೆ ಏಳಿ, ಬಾವ. ಹೊತ್ತು ಮುಳುಗಿದರೆ ಈ ಮನೆಯಲ್ಲಿ ಯಾರಿಗೂ ಅನ್ನ ಇಲ್ಲ!”