ಒಂದೇ ಬಳ್ಳಿಗೆ ಬಂದ ಮಳೆ

ವಾಟರ್ ಬೆಲ್ ಹೊಡೆಯಿತು. ಐದನೆಯ ತರಗತಿಯ ಮಕ್ಕಳೆಲ್ಲ ಬಾಟಲಿ ಎತ್ತಿ ಗಟಗಟನೆ ನೀರು ಕುಡಿದರು. ಕೀರ್ತಿ ಮಾತ್ರ ಕಿಟಕಿಯ ಬಳಿ ಸರಿದು, ತನ್ನ ಬಾಟಲಿಯನ್ನು ಹೊರಗೆ ಬಗ್ಗಿಸಿದ. ನೀರು ಸದ್ದಿಲ್ಲದೆ ಬೀನ್ಸ್ ಬಳ್ಳಿಯ ಬುಡಕ್ಕೆ ಇಳಿಯಿತು.

ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕಾಗುತ್ತದೆ. ಅಲ್ಲಿ ಮೂತ್ರ ನೂಲಿನಷ್ಟು ಸಣ್ಣಗೆ, ಪಕ್ಕಕ್ಕೆ ಚಿಮ್ಮುತ್ತದೆ. ಉರಿಯುತ್ತದೆ. ಮುಗಿಯುವಷ್ಟರಲ್ಲಿ ಮುಂದಿನ ಪೀರಿಯಡ್ ಶುರುವಾಗಿರುತ್ತದೆ.

ಹೋದ ವಾರ ಅದೇ ತರಗತಿಯ ಪ್ರವೀಣ್ ಟಾಯ್ಲೆಟ್ ಬಾಗಿಲು ಬಡಿದು, "ಲೋ, ಒಳಗೇ ಮನೆ ಮಾಡ್ಕೊಂಡ್ಯಾ?" ಎಂದು ಕೂಗಿದ್ದ. ಅಂದಿನಿಂದ ಕೀರ್ತಿಗೆ 'ಟಾಯ್ಲೆಟ್ ವಾಚ್‌ಮನ್' ಎಂದೇ ಹೆಸರು. ಹೊಟ್ಟೆನೋವು ಎಂದರೆ ಅಯ್ಯೋ ಎನ್ನುವವರು ಈ ನೋವಿಗೆ ಮಾತ್ರ ಏಕೆ ನಗಬೇಕು? ಇದು ಯಾವ ನ್ಯಾಯವೆಂದು ಕೀರ್ತಿಗೆ ತಿಳಿಯಲಿಲ್ಲ.

"ಏನ್ ಮಗ, ಈ ಒಂದು ಬಳ್ಳಿಗೆ ಮಾತ್ರ ದಿನಾ ಮಳೆ ಬರ್ತದಲ್ಲ?"

ಕೀರ್ತಿ ಬೆಚ್ಚಿದ. ಕಿಟಕಿಯ ಕೆಳಗೆ, ಬಿಸಿಯೂಟದ ಅಡುಗೆ ಮಾಡುವ ಸುಮಿತ್ರಮ್ಮ ಸಾಂಬಾರಿಗೆ ಬೀನ್ಸ್ ಕೊಯ್ಯುತ್ತಿದ್ದರು.

ಊಟವಾದ ಮೇಲೆ ಅವರು ಅವನನ್ನು ಅಡುಗೆಮನೆಯ ಹಿಂದೆ ಕರೆದರು. "ತುಟಿ ನೋಡು, ಹೆಂಗೆ ಒಡೆದದೆ. ನೀರು ಯಾಕೆ ಕುಡಿಯಲ್ಲ?"

ಕೀರ್ತಿ ನೆಲ ನೋಡುತ್ತ ಹೇಳಿದ. "ಒಂದಕ್ಕೆ ಹೋದ್ರೆ ಉರೀತದೆ. ಸರಿಯಾಗಿ ಬರೋದೂ ಇಲ್ಲ."

ಸುಮಿತ್ರಮ್ಮ ನಗಲಿಲ್ಲ. "ಹುಷಾರಿಲ್ಲದ ಮಗೂಗೆ ಹೆಸರಿಟ್ಟು ಕರೀತಾರಲ್ಲ, ಅವರಿಗೆ ನಾಚಿಕೆ ಆಗ್ಬೇಕು. ನಿನಗಲ್ಲ. ಅಪ್ಪನಿಗೆ ನೀನು ಹೇಳ್ತೀಯೋ, ನಾನು ಹೇಳ್ಲೋ?"

"ನಾನೇ ಹೇಳ್ತೀನಿ."

"ಇವತ್ತೇ."

ಕೀರ್ತಿಯ ಅಪ್ಪ ಜಯಪ್ಪ ಚೆಟ್ಟಳ್ಳಿಯ ಎಸ್ಟೇಟ್ ಒಂದರಲ್ಲಿ ಕಾಫಿ ಗಿಡಗಳಿಗೆ ಸ್ಪ್ರಿಂಕ್ಲರ್‌ನಿಂದ ನೀರು ಹಾಯಿಸುವವರು. ಸಂಜೆ ಕೀರ್ತಿ ಅಲ್ಲಿಗೆ ಹೋದಾಗ ನೀರು ಚಿಮ್ಮಿಸುವ ಜೆಟ್ ಒಂದು ಕೆಟ್ಟಿತ್ತು. ಉಳಿದವು ಮಳೆಯಂತೆ ಸುರಿಯುತ್ತಿದ್ದರೆ, ಅದರ ನೀರು ಮಾತ್ರ ಸಣ್ಣಗೆ, ಓರೆಯಾಗಿ ಚಿಮ್ಮುತ್ತಿತ್ತು.

"ಬಾಯಿ ಕಟ್ಟಿದೆ, ಅಷ್ಟೆ," ಎಂದರು ಜಯಪ್ಪ, ನೀರು ನಿಲ್ಲಿಸಿ ಸ್ಪ್ಯಾನರ್ ಹಿಡಿಯುತ್ತ.

"ಅಪ್ಪ," ಕೀರ್ತಿಯ ದನಿ ಸಣ್ಣದಾಯಿತು. "ನಂದೂ ಹಂಗೇ ಬರ್ತದೆ."

ಸ್ಪ್ಯಾನರ್ ನಿಂತಿತು. "ಯಾವಾಗಿಂದ?"

"ದಸರಾ ರಜೆಯಿಂದ."

ಜಯಪ್ಪ ಪೈಪಿನ ಪಕ್ಕದಲ್ಲೇ ಕುಳಿತುಬಿಟ್ಟರು. "ದಿನಾ ನಲವತ್ತು ಜೆಟ್ ನೋಡ್ತೀನಿ. ಮನೇಲಿರೋ ಮಗನ್ನ ನೋಡ್ಲಿಲ್ಲ."

ಮಡಿಕೇರಿಯ ಡಾಕ್ಟರು ಅಪ್ಪನ ಎದುರಿನಲ್ಲೇ ಪರೀಕ್ಷಿಸಿದರು. "ಮೂತ್ರ ಹೊರಗೆ ಬರೋ ತೂತು ತುಂಬ ಚಿಕ್ಕದಾಗಿದೆ. ಸ್ವಲ್ಪ ಅಗಲ ಮಾಡಿದ್ರೆ ಸರಿಹೋಗ್ತದೆ. ಚಿಕ್ಕ ಆಪರೇಷನ್. ನಿದ್ದೆ ಬರೋ ಔಷಧಿ ಕೊಡ್ತೀವಿ, ಗೊತ್ತೇ ಆಗಲ್ಲ."

"ಡಾಕ್ಟ್ರೇ, ನಾನೇನು ತಪ್ಪು ಮಾಡಿದ್ದಕ್ಕೆ ಹಿಂಗಾಯ್ತು?" ಎಂದು ಕೀರ್ತಿ ಕೇಳಿದ.

"ನೆಗಡಿ ಬಂದ್ರೆ ಮೂಗಿನ ತಪ್ಪಾ?"

ಬಹಳ ದಿನಗಳ ನಂತರ ಕೀರ್ತಿಗೆ ನಗು ಬಂತು.

ಆಪರೇಷನ್ ಆದ ಸಂಜೆಯೇ ಅವರು ಮನೆಗೆ ಮರಳಿದರು. ಎರಡು ದಿನ ಉರಿಯಿತು, ಅಪ್ಪ ನೆನಪಿಟ್ಟು ಮುಲಾಮು ಕೊಟ್ಟರು. ನಾಲ್ಕನೆಯ ದಿನ ಬೆಳಿಗ್ಗೆ ಕೀರ್ತಿ ಬಚ್ಚಲಿನಿಂದಲೇ ಕೂಗಿದ. "ಅಪ್ಪಾ, ನೆಟ್ಟಗೆ ಬಂತು!"

ಹತ್ತು ದಿನಗಳ ನಂತರ ಶಾಲೆಗೆ ಹೊರಟಾಗ ಅವನ ಕಾಲು ಹಿಂದಕ್ಕೇ ಎಳೆಯುತ್ತಿತ್ತು. ಎಲ್ಲರಿಗೂ ಗೊತ್ತಾಗಿರುತ್ತದೆ. ಈಗ ಯಾವ ಹೊಸ ಹೆಸರು ಕಾದಿದೆಯೋ?

ಪ್ರವೀಣ್ ಓಡಿ ಬಂದ. "ಲೋ, ಆಪರೇಷನ್ ಅಂತೆ? ಎಲ್ಲಿಗೆ ಅಂತ ಸುಮಿತ್ರಮ್ಮನ್ನ ಕೇಳಿದ್ರೆ, 'ಮೈಗೆ' ಅಂದ್ರು. ಇನ್ನೊಂದ್ಸಲ ಕೇಳಿದ್ದಕ್ಕೆ ಸೌಟು ತೋರಿಸಿದ್ರು."

ಕೀರ್ತಿಯ ಎದೆಯ ಮೇಲಿನ ಕಲ್ಲೊಂದು ಇಳಿದಂತಾಯಿತು.

ಪ್ರವೀಣ್ ಅವನ ಬ್ಯಾಗಿನ ಪಟ್ಟಿ ಎಳೆಯುತ್ತ ನಿಂತ. "ಆವತ್ತು ಬಾಗಿಲು ಬಡಿದೆನಲ್ಲ... ಇನ್ಮೇಲೆ ಬಡಿಯಲ್ಲ."

ವಾಟರ್ ಬೆಲ್ ಹೊಡೆಯಿತು. ಕೀರ್ತಿ ಕಿಟಕಿಯಿಂದ ಹೊರಗೆ ನೋಡಿದ. ಸುಡುಬಿಸಿಲಿನಲ್ಲೂ ಬಳ್ಳಿ ಒಣಗಿರಲಿಲ್ಲ. ಬುಡ ಒದ್ದೆಯಾಗಿತ್ತು. ಅವನಿಲ್ಲದ ಹತ್ತೂ ದಿನ ಅದಕ್ಕೆ ನೀರು ಹಾಕಿದ ಕೈ ಯಾವುದೆಂದು ಅವನು ಯಾರನ್ನೂ ಕೇಳಬೇಕಾಗಲಿಲ್ಲ.

ಆ ಕಡೆ, ಅಡುಗೆಮನೆಯ ಬಾಗಿಲಲ್ಲಿ ಸುಮಿತ್ರಮ್ಮ ಸೌಟು ಹಿಡಿದು ನಿಂತಿದ್ದರು.

ಕೀರ್ತಿ ಬಾಟಲಿ ಎತ್ತಿ ಕುಡಿದ. ನಿಲ್ಲಿಸದೆ ಕುಡಿದ. ಆಮೇಲೆ ಅವರಿಗೆ ಕಾಣುವಂತೆ ಕಿಟಕಿಯ ಹೊರಗೆ ಕೈ ಚಾಚಿ, ಬಾಟಲಿಯನ್ನು ತಲೆಕೆಳಗಾಗಿ ಹಿಡಿದ.

ಬಳ್ಳಿಗೆ ಒಂದು ಹನಿಯೂ ಬೀಳಲಿಲ್ಲ.