ಕಾಲಿಲ್ಲದ ಕವಚ

ತಾರೀಖು ಹದಿನಾಲ್ಕು, ಮಂಗಳವಾರ ಬೆಳಿಗ್ಗೆ 10:20ಕ್ಕೆ ಠಾಣೆಗೆ ಬಂದ ಹೆಂಗಸು, ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಿಂದಿನ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ತೀರಿಕೊಂಡ ನಿವೃತ್ತ ಬಸ್ ಚಾಲಕನ ಮಗಳು ಅವಳು. ಕೈಯಲ್ಲಿ ಅಪ್ಪನ ಚಪ್ಪಲಿಗಳಿದ್ದ ಪ್ಲಾಸ್ಟಿಕ್ ಚೀಲ ಇನ್ನೂ ಹಾಗೇ ಇತ್ತು.

"ನಮ್ಮಪ್ಪ ಸತ್ತಿಲ್ಲ ಮೇಡಂ. ಸಾಯಿಸಿದ್ದಾರೆ."

"ಯಾರು?" ಇನ್ಸ್‌ಪೆಕ್ಟರ್ ಕೇಳಿದಳು.

"ಆ ನರ್ಸು."

"ನೀವು ನೋಡಿದ್ರಾ?"

"ಪಕ್ಕದಲ್ಲೇ ಇದ್ದೆ. ಅಪ್ಪ ಚೇತರಿಸ್ಕೊಂಡಿದ್ರು. ತಮ್ಮನಿಗೆ ಫೋನ್ ಮಾಡಿ, ನಾಳೆ ಮನೆಗೆ ಬರ್ತಾರೆ ಕಣೋ ಅಂತ ಹೇಳ್ತಾ ಇದ್ದೆ. ಅಪ್ಪ ನನ್ನ ತೋಳು ಹಿಡ್ಕೊಂಡ್ರು. ತಿರುಗಿ ನೋಡಿದ್ರೆ ಆ ಮಷಿನ್ನಿನ ಸಿರಿಂಜು ಖಾಲಿ. ಇಡೀ ದಿನ ನಿಧಾನವಾಗಿ ಹೋಗ್ಬೇಕಿದ್ದ ಔಷಧಿ ಅದು. ಹತ್ತು ನಿಮಿಷ ಮುಂಚೆ ಆ ನರ್ಸೇ ಬಂದು ಅದೇನೋ ತಿರುಗಿಸಿ ಹೋಗಿದ್ಲು."

11:05ಕ್ಕೆ ಎಫ್‌ಐಆರ್ ದಾಖಲಾಯಿತು. ಸಿರಿಂಜ್ ಪಂಪನ್ನು ತಪ್ಪಾಗಿ ಹೊಂದಿಸಿದ್ದರಿಂದ ಹೃದಯದ ಔಷಧಿ ಒಮ್ಮೆಗೇ ದೇಹಕ್ಕೆ ಸೇರಿದೆ ಎಂದು ವೈದ್ಯರ ಟಿಪ್ಪಣಿಯೂ ಹೇಳುತ್ತಿತ್ತು. ಕೇಸು ಬಾಳೆಹಣ್ಣು ಸುಲಿದಷ್ಟು ಸುಲಭವಾಗಿ ಕಂಡಿತು. ಹದಿನೆಂಟು ವರ್ಷದ ಸರ್ವೀಸಿನಲ್ಲಿ ಇನ್ಸ್‌ಪೆಕ್ಟರಿಗೆ ಹೀಗೆ ಸುಲಭವಾಗಿ ಕಂಡ ಕೇಸುಗಳೇ ಹೆಚ್ಚು ನಿದ್ದೆ ಕೆಡಿಸಿದ್ದವು. ಆದರೆ ಆ ಬೆಳಿಗ್ಗೆ ಅವಳಿಗೆ ಅದು ನೆನಪಾಗಲಿಲ್ಲ.

ನರ್ಸನ್ನು ಕರೆಸಿದರು. ಮೂವತ್ತರ ಆಸುಪಾಸಿನವಳು.

"ಎಷ್ಟಕ್ಕೆ ಇಟ್ಟಿದ್ದೆ?"

"ಗಂಟೆಗೆ ಎರಡು ಎಂ.ಎಲ್. ಮೇಡಂ."

"ಹಾಗಾದ್ರೆ ಹತ್ತು ನಿಮಿಷದಲ್ಲಿ ಹೇಗೆ ಖಾಲಿ ಆಯ್ತು?"

"ತಾನಾಗೇ ಓಡಿದೆ."

"ಮಷಿನ್ನು ತಾನಾಗೇ ಓಡುತ್ತಾ?"

"ನನ್ನ ಒಳಗೆ ಹಾಕಿ ಮೇಡಂ, ಪರವಾಗಿಲ್ಲ. ಅದರ ಜೊತೆ ಬಂದಿದ್ದು ಇನ್ನೊಂದು, ಕಿಟಕಿ ಪಕ್ಕದ ಅಜ್ಜಿಗೆ ಈಗ್ಲೂ ಓಡ್ತಿದೆ. ಮೊದಲು ಅದನ್ನ ನಿಲ್ಲಿಸಿ. ಕೈ ಮುಗೀತೀನಿ."

ತಪ್ಪು ಮಾಡಿದವರು ತಮಗಾಗಿ ಬೇಡಿಕೊಳ್ಳುತ್ತಾರೆ. ಇವಳು ಯಾರೋ ಅಜ್ಜಿಗಾಗಿ ಬೇಡುತ್ತಿದ್ದಳು. ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡಳು.

ಅವಳ ಜೊತೆ ಹೊರಟವನು ದಫೇದಾರ. ಅವನ ಗಂಟಲು ಎಂಥದೆಂದರೆ ಠಾಣೆಯವರೆಲ್ಲ ಅವನನ್ನು ಮೈಕಣ್ಣ ಎಂದೇ ಕರೆಯುತ್ತಿದ್ದರು. ಇವನಿಗೆ ವಾಕಿಟಾಕಿ ಕೊಟ್ಟಿದ್ದು ಸರ್ಕಾರಕ್ಕೆ ದಂಡ ಎಂದು ಹಿಂದಿನಿಂದ ಆಡಿಕೊಳ್ಳುತ್ತಿದ್ದರು.

12:40. ವಾರ್ಡಿನ ಪಕ್ಕದ ಉಗ್ರಾಣದಲ್ಲಿ, ಇಬ್ಬರು ಪಂಚರ ಎದುರು ಪಂಚನಾಮೆ ಶುರುವಾಯಿತು. ಆಸ್ಪತ್ರೆಯ ಟೆಕ್ನಿಷಿಯನ್ ಆ ಪಂಪಿಗೆ ನೀರು ತುಂಬಿದ ಸಿರಿಂಜು ಕೂರಿಸಿ, ಗಂಟೆಗೆ ಎರಡು ಎಂ.ಎಲ್.ಗೆ ಇಟ್ಟ. ಸಿರಿಂಜಿನ ಪಿಸ್ಟನ್ನು ಮುಂದೆ ಹೋಗುತ್ತಿರುವುದು ಕಣ್ಣಿಗೂ ಕಾಣದಷ್ಟು ನಿಧಾನ. ಇಪ್ಪತ್ತು ನಿಮಿಷ ಕಳೆದರೂ ಏನೂ ಆಗಲಿಲ್ಲ. ಪಂಚರಲ್ಲೊಬ್ಬ ಆಕಳಿಸಿದ. ಅಷ್ಟರಲ್ಲಿ ಕಂಟ್ರೋಲ್ ರೂಮಿನವರು ಕರೆದರು. ಮೈಕಣ್ಣ ವಾಕಿಟಾಕಿ ಬಾಯಿಗೆ ಹಿಡಿದು ಗುಂಡಿ ಒತ್ತಿದ.

ಪಂಪು ಕಿರುಚಿತು. ಪಿಸ್ಟನ್ನು ಎಲ್ಲರೂ ನೋಡುತ್ತಿದ್ದಂತೆಯೇ ಸರಸರನೆ ನುಗ್ಗಿತು. ಕೊಳವೆಯ ತುದಿಯಿಂದ ನೀರು ಚಿಮ್ಮಿ ಪಂಚನಾಮೆಯ ಹಾಳೆಯ ಮೇಲೆ ಬಿತ್ತು. ಪರದೆಯ ಮೇಲೆ ಮಾತ್ರ ಏನೂ ಆಗಿಲ್ಲವೆಂಬಂತೆ 'ಎರಡು' ಎಂದೇ ಇತ್ತು.

"ಬಿಡ್ರೀ ಅದನ್ನ!" ಇನ್ಸ್‌ಪೆಕ್ಟರ್ ಕೂಗಿದಳು. ಮೈಕಣ್ಣ ಬೆರಳು ತೆಗೆದ. ಪಂಪು ಮತ್ತೆ ಸಾಧುವಾಯಿತು.

ಒಂದೇ ಗೋಡೆಯಾಚೆ ಕಿಟಕಿ ಪಕ್ಕದ ಅಜ್ಜಿ ಮಲಗಿದ್ದಳು. ಎಲ್ಲರಿಗೂ ಅದು ಒಟ್ಟಿಗೇ ಹೊಳೆಯಿತು. ಇನ್ಸ್‌ಪೆಕ್ಟರ್ ವಾಕಿಟಾಕಿ ಕಿತ್ತುಕೊಂಡು ಆಫ್ ಮಾಡಿ ಓಡಿದಳು. ಅಜ್ಜಿಯ ಸಿರಿಂಜು ಮುಕ್ಕಾಲು ತುಂಬಿತ್ತು, ಗೋಡೆ ಅವಳನ್ನು ಉಳಿಸಿತ್ತು. ಟೆಕ್ನಿಷಿಯನ್ ಪಂಪು ಬದಲಿಸುವವರೆಗೂ ಅಜ್ಜಿ, "ಯಾಕಮ್ಮ ಹೀಗೆ ಬೆವರ್ತಿದ್ದೀಯ? ಫ್ಯಾನ್ ಹಾಕ್ಸು," ಎನ್ನುತ್ತಿದ್ದಳು.

ಉಗ್ರಾಣಕ್ಕೆ ಮರಳಿ ಮತ್ತೆ ಪರೀಕ್ಷಿಸಿದರು. ಪಂಪಿನಿಂದ ಗೇಣು ದೂರದಲ್ಲಿ ಮೊಬೈಲಿನಿಂದ ಕರೆ ಮಾಡಿದರೂ ಅದೇ ಗತಿ. ತಮ್ಮನಿಗೆ ಫೋನ್ ಮಾಡುತ್ತಿದ್ದೆ ಎಂದ ಮಗಳ ಮಾತು ಇನ್ಸ್‌ಪೆಕ್ಟರಿಗೆ ನೆನಪಾಯಿತು. ಸಮಯ 1:35 ಎಂದು ಬರೆಸಿದಳು.

ಟೆಕ್ನಿಷಿಯನ್ ಪಂಪಿನ ಬೆನ್ನು ಬಿಚ್ಚಿದ. ಒಳಗಿನ ಸರ್ಕಿಟ್ ಬೋರ್ಡಿನ ಅಂಚಿನಲ್ಲಿ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕನೆಕ್ಟರು ಕೂತಿತ್ತು. ಮೇಲೆ ಹೊಳೆಯುವ ಲೋಹದ ಕವಚ.

"ಈ ಕವಚ ಯಾಕೆ?"

"ಹೊರಗಿನ ಫೋನು, ವೈರ್‌ಲೆಸ್ಸಿನ ಅಲೆ ತಡೀಲಿಕ್ಕೆ. ಇದಕ್ಕೆ ನಾಲ್ಕು ಕಾಲಿರುತ್ತೆ. ಬೋರ್ಡಿನ ತೂತಿಗಿಳಿಸಿ ಬೆಸುಗೆ ಹಾಕಿರ್ತಾರೆ. ಬಂದ ಅಲೆ ಆ ಕಾಲಲ್ಲಿ ಅರ್ಥಿಂಗಿಗೆ ಹೋಗ್ಬಿಡುತ್ತೆ. ಕಾಲಿಲ್ಲದಿದ್ರೆ ಕವಚ ಇದ್ದೂ ದಂಡ." ಹೀಗೆನ್ನುತ್ತ ಅವನು ಸ್ಕ್ರೂಡ್ರೈವರಿನಿಂದ ಮೀಟಿದ. ಕವಚ ಪಟಕ್ಕನೆ ಕಳಚಿ ಅಂಗೈಗೆ ಬಂತು.

ನಾಲ್ಕು ಕಾಲುಗಳೂ ಬುಡಕ್ಕೆ ಕತ್ತರಿಸಿದ್ದವು. ಕವಚವನ್ನು ಅಂಟಿನಿಂದ ಕೂರಿಸಿ, ಖಾಲಿ ತೂತುಗಳ ಮೇಲೆ ಬೆಸುಗೆಯ ಬೊಟ್ಟು ಇಡಲಾಗಿತ್ತು. ಮೇಲಿನಿಂದ ನೋಡಿದವರಿಗೆ ಎಲ್ಲವೂ ಸರಿ.

"ಸವೆದಿದ್ದಲ್ಲ ಮೇಡಂ. ಬೇಕಂತಲೇ ಮಾಡಿದ್ದು." ಅವನ ದನಿ ಇಳಿದಿತ್ತು. ಅಜ್ಜಿಯ ಪಂಪು ಬಿಚ್ಚಿದರು. ಅದರಲ್ಲೂ ಹಾಗೇ.

ಸಂಜೆ 4:15ಕ್ಕೆ, ಕನೆಕ್ಟರ್ ತಯಾರಿಸಿ ಬೋರ್ಡಿಗೆ ಕೂರಿಸಿ ಪಂಪು ಕಂಪನಿಗೆ ಕೊಡುವ ಕಾರ್ಖಾನೆ. ವಿನ್ಯಾಸದ ಕೋಣೆಯಲ್ಲಿ ಇಳಿಜಾರು ಮೇಜುಗಳು, ಪ್ರತಿ ಮೇಜಿಗೂ ಕುತ್ತಿಗೆ ಬಗ್ಗಿಸಿದ ದೀಪ. ಮೂಲೆಯ ದೊಡ್ಡ ಮೇಜು ಖಾಲಿಯಿತ್ತು. ಅಲ್ಲಿದ್ದ ಯುವ ಡಿಸೈನರ್ ಹುಡುಗಿ ಹಳೆಯ ಕಡತ ತೆಗೆದಳು. ಆ ಬೋರ್ಡುಗಳು ಪರೀಕ್ಷಾರ್ಥದ ಮೊದಲ ಕಂತು, ಹನ್ನೆರಡೇ ಹನ್ನೆರಡು. ಆಮೇಲೆ ನಕ್ಷೆ ಬದಲಾಗಿದೆ. ಕಾರಣದ ಜಾಗದಲ್ಲಿ 'ಅಂದಕ್ಕಾಗಿ' ಎಂದು ಬರೆದಿದೆ.

"ಅಂದಕ್ಕಾಗಿಯಾ?" ಎಂದು ಇನ್ಸ್‌ಪೆಕ್ಟರ್ ಕತ್ತರಿಸದ ಕವಚವೊಂದನ್ನು ಹಳೆಯ ಬೋರ್ಡಿನ ಮೇಲಿಟ್ಟು ಒತ್ತಿದಳು. ಕಾಲುಗಳು ತೂತಿಗಿಳಿಯಲಿಲ್ಲ. ಎಡಕ್ಕಿರಬೇಕಾದ ತೂತು ಬಲಕ್ಕಿತ್ತು.

ಹುಡುಗಿ ಬೋರ್ಡನ್ನು ತಲೆಕೆಳಗು ಮಾಡಿ ಅಡಿಯಿಂದ ಕವಚ ಹಿಡಿದಳು. ಸರಿಯಾಗಿ ಹೊಂದಿತು.

"ಕಾಲಿನ ತೂತುಗಳನ್ನ ಮಾತ್ರ ಬೋರ್ಡಿನ ಅಡಿಯಿಂದ ನೋಡಿದ ಹಾಗೆ ಬರೆದುಬಿಟ್ಟಿದ್ದಾರೆ."

"ಆಗೋ ತಪ್ಪೇನಾ?"

"ಹೊಸಬರು ಮಾಡ್ತಾರೆ. ಯಾವ ಕಡೆಯಿಂದ ನೋಡ್ತಿದ್ದೀಯ ಅಂತ ಮೊದಲು ಬರಿ, ಆಮೇಲೆ ಗೆರೆ ಎಳಿ ಅಂತ ನಮ್ಮ ಚೀಫ್ ಡಿಸೈನರು, ಮೇಷ್ಟ್ರು, ಮೊದಲ ದಿನವೇ ಕಲಿಸ್ತಾರೆ. ಮರೆತ್ರೆ ಎಲ್ಲರ ಮುಂದೆ ಬೋರ್ಡು ತಲೆಕೆಳಗೆ ಹಿಡಿಸಿ ಊಟದವರೆಗೂ ನಿಲ್ಲಿಸ್ತಾರೆ. ನಾನೂ ನಿಂತಿದ್ದೀನಿ."

"ಈ ನಕ್ಷೆ ಬರೆದಿದ್ದು ಯಾರು?"

ಅವಳು ಖಾಲಿ ಮೇಜಿನ ಕಡೆ ನೋಡಿದಳು. "ಮೇಷ್ಟ್ರು."

"ಟೆಸ್ಟಿನಲ್ಲಿ ಸಿಕ್ಕಿಬೀಳ್ಬೇಕಿತ್ತಲ್ಲ?"

"ಟೆಸ್ಟಿಗೆ ಅರ್ಥಿಂಗ್ ಕ್ಲಿಪ್ಪನ್ನ ಕವಚಕ್ಕೇ ಕಚ್ಚಿಸ್ತೀವಿ. ಕಾಲಿನ ಕೆಲಸ ಕ್ಲಿಪ್ಪೇ ಮಾಡಿಬಿಟ್ಟಿರುತ್ತೆ. ನಮ್ಮಲ್ಲಿ ಮೊದಲಿಂದ್ಲೂ ಹಾಗೇ."

"ಮೇಷ್ಟ್ರೆಲ್ಲಿ?"

"ಎರಡು ತಿಂಗಳಿಂದ ಮಧ್ಯಾಹ್ನ ಎರಡಕ್ಕೇ ಹೊರಡ್ತಾರೆ. ಮನೆಯಲ್ಲಿ ಹುಷಾರಿಲ್ಲ ಅಂತ."

ಮೇಷ್ಟ್ರ ಮೇಜಿನ ಡ್ರಾಯರಿನಲ್ಲಿದ್ದ ತಂತಿ ಕತ್ತರಿಸುವ ಕಟರನ್ನು ಜಪ್ತಿ ಮಾಡಿದರು. ಅದರ ಅಲಗಿನಲ್ಲಿ ಸಣ್ಣದೊಂದು ಮುಕ್ಕು. ಭೂತಗನ್ನಡಿ ಹಿಡಿದು ನೋಡಿದರೆ, ಎರಡೂ ಕವಚಗಳ ಎಂಟೂ ಕಾಲುಗಳ ಕತ್ತರಿಸಿದ ತುದಿಯಲ್ಲಿ ಅದೇ ಮುಕ್ಕಿನ ಗೆರೆಯಿತ್ತು. ಮೇಷ್ಟ್ರ ಮನೆಗೆ ಆಗಲೇ ಜೀಪು ಹೋಯಿತು. ಬಾಗಿಲಿಗೆ ಬೀಗ.

ಆದರೆ ಆ ಸಂಜೆ ಇನ್ಸ್‌ಪೆಕ್ಟರಿಗೆ ಆರೋಪಿಗಿಂತ ಲೆಕ್ಕದ ಚಿಂತೆ ದೊಡ್ಡದಾಗಿತ್ತು. ಬೋರ್ಡು ಹನ್ನೆರಡು. ಪಂಪು ಕಂಪನಿಯ ಕಪಾಟಿನಲ್ಲಿ ಒಂಬತ್ತು ಸಿಕ್ಕವು. ಆಸ್ಪತ್ರೆಯಲ್ಲಿ ಎರಡು. ಹನ್ನೆರಡನೆಯದರ ಎದುರು ಪುಸ್ತಕದಲ್ಲಿ 'ಎರವಲು' ಎಂದಷ್ಟೇ ಇತ್ತು. ಎರವಲು ಕೊಟ್ಟವನು ಪ್ರಯಾಣದಲ್ಲಿದ್ದ, ಕರೆಗೆ ಸಿಗುತ್ತಿರಲಿಲ್ಲ. ಗೊತ್ತಿರುವ ಆಸ್ಪತ್ರೆಗಳಿಗೆಲ್ಲ ಸಂದೇಶ ಹೋಯಿತು; ಅರ್ಧಕ್ಕರ್ಧ ಕಡೆಯಿಂದ ಉತ್ತರ ಬರಲಿಲ್ಲ. ಎಲ್ಲೋ ಒಂದು ಹಾಸಿಗೆಯ ಪಕ್ಕ ಅದು ಓಡುತ್ತಿತ್ತು, ಅದರ ಪಕ್ಕ ಯಾರೋ ಒಬ್ಬರು ಜೇಬಿನಿಂದ ಫೋನ್ ತೆಗೆಯಬಹುದಿತ್ತು. ದಾರಿಯಲ್ಲಿ ಯಾರ ಫೋನು ರಿಂಗಾದರೂ ಅವಳು ತಿರುಗಿ ನೋಡುತ್ತಿದ್ದಳು.

ಬುಧವಾರ ಬೆಳಿಗ್ಗೆ ಎಂಟಕ್ಕೆ ಜೀಪು ಮತ್ತೆ ಮೇಷ್ಟ್ರ ಮನೆಗೆ ಹೋಯಿತು, ಮತ್ತೆ ಬೀಗ. 9:30ಕ್ಕೆ ಇನ್ಸ್‌ಪೆಕ್ಟರ್ ನರ್ಸಿನ ಮನೆಗೇ ಹೋದಳು.

"ಆ ಪಂಪುಗಳ ಹತ್ತಿರ ಹೊರಗಿನವರು ಯಾರಾದ್ರೂ ಬರ್ತಿದ್ರಾ?"

"ಇಲ್ಲ ಮೇಡಂ. ಫೋನ್ ತಾತ ಒಬ್ರು ಬಿಟ್ರೆ."

"ಯಾರದು?"

"ಯಾರೋ ಗೊತ್ತಿಲ್ಲ. ದಿನ ಬಿಟ್ಟು ದಿನ ಮಧ್ಯಾಹ್ನ ಬಂದು ಬೆಂಚಲ್ಲಿ ಕೂರ್ತಿದ್ರು. ನೋಡ್ಲಿಕ್ಕೆ ಬಂದೋರಿಗೆಲ್ಲ, ಫೋನ್ ಆಫ್ ಮಾಡಪ್ಪ, ಹೊರಗೆ ಹೋಗಿ ಮಾತಾಡಮ್ಮ ಅಂತ ಕಾಲಿಗೆ ಬೀಳೋದೊಂದು ಬಾಕಿ. ಯಾರ ಕಡೆಯವರು ತಾತ ಅಂದ್ರೆ, ಎಲ್ಲರ ಕಡೆಯವನು ಅಂತ ನಗ್ತಿದ್ರು. ನಮಗೆ ತಮಾಷೆ."

ಇನ್ಸ್‌ಪೆಕ್ಟರ್ ಕಾರ್ಖಾನೆಯಿಂದ ತಂದ ಫೋಟೋ ತೋರಿಸಿದಳು. ನರ್ಸು ತಲೆಯಾಡಿಸಿದಳು. "ಇವರೇ."

"ಸೋಮವಾರ ಬಂದಿದ್ರಾ?"

"ಅವರ ಸರದಿಯ ದಿನವೇ. ಆದ್ರೆ ಬರ್ಲಿಲ್ಲ."

ಸೋಮವಾರ ಆ ಆಸ್ಪತ್ರೆಯ ಸರದಿಯಾದರೆ ಬುಧವಾರವೂ ಅಲ್ಲಿಯದೇ. ಆದರೆ ಅಲ್ಲಿ ಈಗ ಕಾಯುವುದಕ್ಕೆ ಏನೂ ಉಳಿದಿಲ್ಲ. ಅಲ್ಲಿಗೆ ಹೋಗದ ದಿನಗಳಲ್ಲಿ ಆತ ಬೇರೆಲ್ಲಿ ಕೂರುತ್ತಿದ್ದನೋ, ಹನ್ನೆರಡನೆಯ ಪಂಪು ಅಲ್ಲೇ ಇದೆ. ಈಗ ಆತನೂ ಅಲ್ಲೇ ಇದ್ದಾನೆ. ಇನ್ಸ್‌ಪೆಕ್ಟರ್ ಜೀಪಿಗೆ ಓಡಿದಳು.

ಮೇಷ್ಟ್ರ ಹೆಂಡತಿ ಆಗಷ್ಟೇ ತಂಗಿಯ ಮನೆಯಿಂದ ಬಂದು ಬೀಗ ತೆಗೆಯುತ್ತಿದ್ದಳು. ಕಲ್ಲುಗುಂಡಿನ ಹಾಗೆ ಗಟ್ಟಿಯಾಗಿದ್ದಳು. "ನನಗೆ ಹುಷಾರಿಲ್ಲ ಅಂದ್ರಾ? ಯಾರು, ಇವ್ರಾ?" ಎಂದು ನಗಲು ಹೋಗಿ, ಯೂನಿಫಾರ್ಮ್ ನೋಡಿ ನಿಲ್ಲಿಸಿದಳು. "ಆಸ್ಪತ್ರೇಲಿ ಸೇವೆ ಮಾಡ್ತೀನಿ ಅಂತಾರೆ. ನಿನ್ನೆಯಿಂದ ಹೆರಿಗೆ ಆಸ್ಪತ್ರೇಲೇ ಇದ್ದಾರೆ, ಬಿಟ್ಟು ಬರಕ್ಕಾಗಲ್ಲ ಅಂದ್ರು. ಏನಾಯ್ತಮ್ಮ?"

10:50, ಹೆರಿಗೆ ಆಸ್ಪತ್ರೆ. ಫೋನು, ವಾಕಿಟಾಕಿಗಳನ್ನೆಲ್ಲ ಗೇಟಿನಲ್ಲೇ ಬಿಟ್ಟರು. ಮೂರನೆಯ ಮಹಡಿಯಲ್ಲಿ, ದಿನ ತುಂಬದೆ ಹುಟ್ಟಿದ ಮಕ್ಕಳ ಕೋಣೆಯ ಗಾಜಿನ ಬಾಗಿಲಿಗೆ ಬೆನ್ನು ಕೊಟ್ಟು ಒಬ್ಬ ಮುದುಕ ಸ್ಟೂಲಿನ ಮೇಲೆ ಕೂತಿದ್ದ. ಗಡ್ಡ ಬೋಳಿಸಿರಲಿಲ್ಲ. ಕೈಯಲ್ಲಿ ಯಾರ ಯಾರದೋ ಆಫ್ ಮಾಡಿದ ನಾಲ್ಕು ಫೋನುಗಳು, ಒಳಗೆ ಹೋದವರಿಂದ ಕೇಳಿ ಪಡೆದವು. ಖಾಕಿ ಕಂಡದ್ದೇ ದಡಬಡಿಸಿ ಎದ್ದು ಎರಡೂ ಕೈ ಅಡ್ಡ ಹಿಡಿದ.

"ಅಲ್ಲೇ ನಿಲ್ಲಿ! ಆ ಸೆಟ್ಟು ಆಫ್ ಮಾಡಿ. ಅಮ್ಮಾ, ದಮ್ಮಯ್ಯ, ಆಫ್ ಮಾಡಿ."

"ಕೆಳಗೇ ಬಿಟ್ಟು ಬಂದಿದ್ದೀವಿ ಮೇಷ್ಟ್ರೇ," ಎಂದ ಮೈಕಣ್ಣ. ಅವನು ಪಿಸುಮಾತಾಡಿದ್ದನ್ನು ಇನ್ಸ್‌ಪೆಕ್ಟರ್ ಕೇಳಿದ್ದು ಅದೇ ಮೊದಲು.

ಒಳಗೆ, ಬೊಗಸೆಯಲ್ಲಿ ಹಿಡಿಯಬಹುದಾದಷ್ಟು ಪುಟ್ಟ ಮಗು. ಪಕ್ಕದಲ್ಲಿ ಪಂಪು. ಅದನ್ನು ಬದಲಿಸಿ ಹೊರಗೆ ತರುವವರೆಗೂ ಮೇಷ್ಟ್ರು ಗಾಜಿಗೆ ಹಣೆ ಒತ್ತಿ ನಿಂತಿದ್ದರು. ಪಂಪಿನ ಬೆನ್ನು ಬಿಚ್ಚಿ ಕವಚ ನೋಡಿದ ಮೇಲೆ ಇನ್ಸ್‌ಪೆಕ್ಟರ್, "ಹನ್ನೆರಡು," ಎಂದಳು. ಮೇಷ್ಟ್ರು ಫೋನುಗಳನ್ನು ಸ್ಟೂಲಿನ ಮೇಲಿಟ್ಟು ಕೈ ಮುಂದೆ ಚಾಚಿದರು. ದಸ್ತಗಿರಿಯ ಸಮಯ 11:20.

ಹೇಳಿಕೆ ಬರೆದುಕೊಳ್ಳಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಒಂದು ವರ್ಷದಿಂದ ಅವರ ಕಣ್ಣು ಮಂಜಾಗಿತ್ತು, ಯಾರಿಗೂ ಹೇಳಿರಲಿಲ್ಲ. ಕಾಲಿನ ತೂತುಗಳನ್ನು ಹಳೆಯ ಹಾಳೆಯೊಂದರಿಂದ ಇಳಿಸಿಕೊಳ್ಳುವಾಗ, ಮೂಲೆಯಲ್ಲಿ ಸಣ್ಣಕ್ಷರದಲ್ಲಿದ್ದ 'ಅಡಿಯಿಂದ ನೋಡಿದ್ದು' ಎಂಬುದು ಕಾಣಲಿಲ್ಲ. ಗೊತ್ತಾದದ್ದು ಬೋರ್ಡುಗಳು ಬಂದ ಮೇಲೆ, ಪಂಪು ಕಂಪನಿಗೆ ಕೊಡುವ ಹಿಂದಿನ ದಿನ.

"ಒಂದು ವಾರ ಕೇಳಿದ್ರೆ ಹೊಸ ಬೋರ್ಡು ಬರ್ತಿತ್ತಲ್ವಾ?"

"ಬರ್ತಿತ್ತು. ನಾನೇ ಕಲಿಸಿದ ಹುಡುಗರ ಮುಂದೆ ನಾನು ಬೋರ್ಡು ತಲೆಕೆಳಗೆ ಹಿಡ್ಕೊಂಡು ನಿಲ್ಬೇಕಿತ್ತು. ಪಂಪು ಕಂಪನಿಯವರು ಬರೀ ಪ್ರದರ್ಶನಕ್ಕೆ ಅಂದಿದ್ರು. ಕಪಾಟಲ್ಲೇ ಇರುತ್ತೆ ಅಂದ್ಕೊಂಡೆ. ರೋಗಿಗಳಿಗೆ ಹಾಕಿದ್ದಾರೆ ಅಂತ ತಿಳಿದ ಮೇಲೆ ಮನೆಯಲ್ಲಿ ಕೂರಕ್ಕಾಗ್ಲಿಲ್ಲ."

"ಹೇಳ್ಬಹುದಿತ್ತು."

"ಹೇಳಿದ್ರೆ ಯಾಕೆ ಅಂತ ಕೇಳ್ತಾರೆ."

"ಸೋಮವಾರ ಯಾಕೆ ಹೋಗ್ಲಿಲ್ಲ?"

"ಕಣ್ಣಿನ ಡಾಕ್ಟರು ಡ್ರಾಪ್ಸ್ ಹಾಕಿದ್ರು. ಸಂಜೆವರೆಗೂ ಏನೂ ಕಾಣ್ತಿರ್ಲಿಲ್ಲ. ಮಾರನೇ ದಿನ ವಿಚಾರಿಸಿದಾಗ ಎಲ್ಲ ತಿಳೀತು, ಅಲ್ಲಿಯ ಪಂಪುಗಳನ್ನ ತೆಗೆದಿದ್ರು; ಆಮೇಲೆ ಮಗುವಿನ ಬಾಗಿಲು ಬಿಟ್ಟು ಏಳ್ಲಿಲ್ಲ."

ಇನ್ಸ್‌ಪೆಕ್ಟರಿಗೆ ಸಿಟ್ಟು ಉಕ್ಕಿತು. ಒಂದು ಮಾತು ಹೇಳುವ ಬದಲು ಎರಡು ತಿಂಗಳು ಕಾವಲು ಕೂತ ಮನುಷ್ಯ! ಆ ಸಿಟ್ಟಿನ ಅಡಿಯಲ್ಲಿ ಕನಿಕರವೂ ಇತ್ತು, ಅದಕ್ಕೆ ಅವಳು ಹೇಳಿಕೆಯಲ್ಲಿ ಜಾಗ ಕೊಡಲಿಲ್ಲ. ನರ್ಸಿನ ಹೆಸರನ್ನು ಕೇಸಿನಿಂದ ಕೈಬಿಡುವ ವರದಿ ಅಂದೇ ಹೋಯಿತು.

ಶನಿವಾರ ಮಗಳು ಠಾಣೆಗೆ ಬಂದಳು. ಈ ಸಲ ಕೂತಳು. ಆರೋಪಪಟ್ಟಿಯಲ್ಲಿ ಕರೆಯ ಸಮಯ ಬರಲೇಬೇಕಿತ್ತು, ಹಾಗಾಗಿ ಇನ್ಸ್‌ಪೆಕ್ಟರ್ ತಾನೇ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವಳು ತಮ್ಮನಿಗೆ ಮಾಡಿದ 3:31ರ ಕರೆಯ ವಿಷಯವನ್ನೂ.

ಮಗಳು ತನ್ನ ಫೋನನ್ನು ಆಫ್ ಮಾಡಿ ಮೇಜಿನ ಮೇಲಿಟ್ಟಳು.

"ಅವತ್ತು ಆ ತಾತ ಬಂದಿದ್ರೆ, ಫೋನ್ ಇಡಮ್ಮ ಅಂತ ನನಗೂ ಹೇಳ್ತಿದ್ರಾ ಮೇಡಂ?"

"ಹೇಳ್ತಿದ್ರು."

"ನಾನು ಕೇಳ್ತಿದ್ದೆ," ಎಂದಳು ಮಗಳು. "ದೊಡ್ಡವರು ಹೇಳಿದ್ರೆ ನಾನು ಕೇಳ್ತೀನಿ."

ಮೈಕಣ್ಣ ಒಂದು ಲೋಟ ನೀರು ತಂದು ಅವಳ ಮುಂದಿಟ್ಟ. ಅವಳು ಕುಡಿದು, ಗುರುತು ಹಾಕಿದ ಕಡೆ ಸಹಿ ಮಾಡಿದಳು.